ಚೀಲದಲ್ಲಿ ಹೊತ್ತೊಯ್ಯುವ ಮೌತ್ ಆರ್ಗನ್ ಆಂಪ್ ಕಟ್ಟೋದು ಹೇಗೆ

ಗಿಟಾರ್‌ಗೆ ಅಂತ ಬರೆದಿದ್ದ ಒಂದು ಪುಟ್ಟ ಸರ್ಕ್ಯೂಟ್ ನೋಡಿಕೊಂಡು ನಾನು ಮೊದಲ ಆಂಪ್ (ದನಿ ಜೋರು ಮಾಡುವ ಆಂಪ್ಲಿಫೈಯರ್) ಕಟ್ಟಿದೆ. ಬೆಸುಗೆ ಎಲ್ಲ ಸರಿಯಾಗಿತ್ತು. ಬ್ಯಾಟರಿ ಹೊಸದು. ಮೈಕ್ ಸಿಕ್ಕಿಸಿ ಸ್ವಿಚ್ ಹಾಕಿದೆ. ಮೌತ್ ಆರ್ಗನ್ ಇನ್ನೂ ಬಾಯಿಗೆ ಹೋಗಿರಲಿಲ್ಲ, ಅಷ್ಟರಲ್ಲೇ ಕುಂಯ್ ಅಂತ ಕೂಗೋಕೆ ಶುರು ಮಾಡಿತು. ವಾಲ್ಯೂಮ್ ಇಳಿಸಿದೆ, ಕೂಗು ನಿಂತಿತು. ಆಮೇಲೆ ಊದಿದರೆ ಹಳೇ ಲ್ಯಾಂಡ್‌ಲೈನ್ ಫೋನಿನಲ್ಲಿ ಯಾರೋ ಜಾತ್ರೆ ಪೀಪಿ ಊದಿದ ಹಾಗೆ ಕೇಳಿಸಿತು. ಅಡುಗೆಮನೆಯಿಂದ ಅಮ್ಮ "ಅದನ್ನ ಸುಮ್ನೆ ಹಾಗೇ ಊದೋ, ಚೆನ್ನಾಗಿತ್ತು" ಅಂದರು.

ಸರ್ಕ್ಯೂಟ್ ಕೆಟ್ಟದೇನಲ್ಲ. ಗಿಟಾರ್‌ಗೆ ಹೊಲಿದ ಅಂಗಿಯನ್ನು ಮೌತ್ ಆರ್ಗನ್‌ಗೆ ತೊಡಿಸಿದ್ದು ನನ್ನ ತಪ್ಪು. ಗಿಟಾರ್ ಪಿಕಪ್ ತಂತಿಯ ಅಲುಗಾಟವನ್ನು ಹಿಡಿಯುತ್ತದೆ, ಅಷ್ಟೇ. ನಮ್ಮ ಕೈಯಲ್ಲಿರೋದು ಮೈಕ್. ಅದಕ್ಕೆ ಮೌತ್ ಆರ್ಗನ್ ಕೇಳಿಸುತ್ತದೆ, ಜೊತೆಗೆ ಸ್ಪೀಕರೂ ಕೇಳಿಸುತ್ತದೆ. ಸ್ಪೀಕರಿನಿಂದ ಬಂದದ್ದನ್ನು ಮತ್ತೆ ಆಂಪ್‌ಗೆ ಕೊಡುತ್ತದೆ, ಆಂಪ್ ಅದನ್ನು ಇನ್ನೂ ಜೋರು ಮಾಡಿ ಸ್ಪೀಕರ್‌ಗೆ ಕಳಿಸುತ್ತದೆ, ಹೀಗೆ ಸುತ್ತಿ ಸುತ್ತಿ ಕೂಗು ಏಳುತ್ತದೆ. ಹಾಗಾಗಿ ನಮಗೆ ಗೇನ್ (ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಅನ್ನೋದು) ಕಡಿಮೆ ಬೇಕು, ಟ್ರೆಬಲ್ (ಎತ್ತರದ ಸ್ವರ) ಕಡಿಮೆ ಬೇಕು, ತಗ್ಗು ಸ್ವರ ಕಳೆದುಹೋಗಬಾರದು, ಮೈಕ್‌ಗೆ ಹೊಂದುವ ಇನ್‌ಪುಟ್ ಇರಬೇಕು. ವ್ಯಾಟ್ ಎಷ್ಟು ಅನ್ನೋ ಪ್ರಶ್ನೆ ಇವೆಲ್ಲ ಆದಮೇಲೆ.

ಒಂದು ವಿಷಯ ಮೊದಲೇ ತೀರ್ಮಾನ ಮಾಡಿಕೊಳ್ಳಿ. ನಿಮಗೆ ಯಾವ ದನಿ ಬೇಕು? ಕ್ರೊಮ್ಯಾಟಿಕ್‌ನಲ್ಲಿ (ಪಕ್ಕದ ಗುಂಡಿ ಒತ್ತಿ ಎಲ್ಲ ಸ್ವರ ತೆಗೆಯುವ ಮೌತ್ ಆರ್ಗನ್) ಸಿನಿಮಾ ಹಾಡು ನುಡಿಸುವವರಿಗೆ ಸ್ವಚ್ಛ ದನಿ ಬೇಕು, ಒಡೆದರೆ ಹಾಡೇ ಕೆಡುತ್ತದೆ. ಬ್ಲೂಸ್ ನುಡಿಸುವವರಿಗೆ ದನಿ ಸ್ವಲ್ಪ ಒಡೆಯಲೇಬೇಕು. 1950ರ ದಶಕದಲ್ಲಿ ಷಿಕಾಗೋದಲ್ಲಿ ಲಿಟಲ್ ವಾಲ್ಟರ್ ತರದ ಬ್ಲೂಸ್ ವಾದಕರು ಮೈಕನ್ನೂ ಹಾರ್ಮೋನಿಕಾವನ್ನೂ (ಮೌತ್ ಆರ್ಗನ್‌ಗೇ ಇನ್ನೊಂದು ಹೆಸರು) ಎರಡು ಅಂಗೈ ಒಳಗೆ ಮುಚ್ಚಿ ಹಿಡಿದು, ಅದನ್ನು ಆಂಪ್‌ಗೆ ಸಿಕ್ಕಿಸಿ, ಸ್ಯಾಕ್ಸೋಫೋನ್ ಹಾಗೆ ದಪ್ಪ ದನಿ ತೆಗೆದರು. ಇವತ್ತು ನಾವು ಬೆನ್ನಟ್ಟುವುದು ಆ ದನಿಯನ್ನೇ. (ಇನ್ನೊಂದು ಮಾತು: ನೀವು ಬ್ಲೂಸ್ ನುಡಿಸಿ, ಕ್ರೊಮ್ಯಾಟಿಕ್ ನುಡಿಸಿ, ಕಬ್ಬನ್ ಪಾರ್ಕಿನಲ್ಲಿ ಕೂತರೆ ಐದು ನಿಮಿಷಕ್ಕೊಬ್ಬರು ಬಂದು ರಾಮನಗರದ ಬಂಡೆಗಳಲ್ಲಿ ಶೂಟಿಂಗ್ ಆದ ಆ ಹಿಂದಿ ಸಿನಿಮಾದ ಟ್ಯೂನ್ ಕೇಳೇ ಕೇಳುತ್ತಾರೆ. ಕಲಿತಿಟ್ಟುಕೊಳ್ಳಿ.)

ಮೊದಲು ಮೈಕ್

ಅರ್ಧ ದನಿ ಮೈಕ್ ಮತ್ತು ಕೈಯಿಂದಲೇ ಬರುತ್ತದೆ. ಬ್ಲೂಸ್‌ನವರು ಬಳಸುವ ಮೈಕ್‌ಗೆ ಬುಲೆಟ್ ಮೈಕ್ ಅಂತಾರೆ, ಗುಂಡಿನ ಮೂತಿಯ ಆಕಾರ ಇರುವುದರಿಂದ. ಅಸ್ಟಾಟಿಕ್ ಜೆಟಿ-30, ಶುವರ್ 520 ಇವು ಹಳೇ ಹೆಸರುಗಳು. ಮಾತು ದಾಟಿಸೋಕೆ, ಅನೌನ್ಸ್‌ಮೆಂಟ್‌ಗೆ ಮಾಡಿದ ಮೈಕ್‌ಗಳು ಇವು. ಟ್ರೆಬಲ್ ಕಡಿಮೆ, ಮಧ್ಯದ ಸ್ವರ ಜಾಸ್ತಿ. ಸಂಗೀತಕ್ಕೆ ಕೊರತೆ ಅನ್ನಿಸಿದ್ದೇ ಮೌತ್ ಆರ್ಗನ್‌ಗೆ ವರವಾಯಿತು.

ಜೆಟಿ-30 ಒಳಗೆ ಇದ್ದದ್ದು ಕ್ರಿಸ್ಟಲ್, ಅಂದರೆ ರೋಶೆಲ್ ಉಪ್ಪಿನ ಹರಳು. ಹಳೇದು ಎಲ್ಲಾದರೂ ಸಿಕ್ಕರೆ ದೊಡ್ಡ ಅದೃಷ್ಟ, ಆದರೆ ಹುಷಾರು. ಆ ಹರಳಿಗೆ ಬಿಸಿಲೂ ಆಗದು, ತೇವವೂ ಆಗದು. 50 ಡಿಗ್ರಿ ದಾಟಿದರೆ ಸಾಯುವ ಭಯ ಇದೆ. ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ ಅಷ್ಟು ಬಿಸಿ ಆರಾಮಾಗಿ ಆಗುತ್ತದೆ. ಮಂಗಳೂರಿನ ಮಳೆಗಾಲದ್ದು ಬೇರೆ ಕಥೆ, ಅಲ್ಲಿ ತೇವವೇ ತಿಂದುಹಾಕುತ್ತದೆ. ಸೆರಾಮಿಕ್ ಎಲಿಮೆಂಟ್ ಹಾಕಿದ ಮೈಕ್ ಇವೆರಡನ್ನೂ ಹೆಚ್ಚು ತಡೆದುಕೊಳ್ಳುತ್ತದೆ. ಶುವರ್ 520ಡಿಎಕ್ಸ್ ಈಗಲೂ ಹೊಸದಾಗಿ ಸಿಗುತ್ತದೆ, ಅದರ ಮೇಲೇ ವಾಲ್ಯೂಮ್ ಗುಂಡಿ ಇದೆ, ಆದರೆ ತೂಕ ಜಾಸ್ತಿ, ಬೆಲೆಯೂ ಜಾಸ್ತಿ.

ಇಷ್ಟೆಲ್ಲ ಬೇಡ ಅನ್ನುವವರು ಆರ್ಕೆಸ್ಟ್ರಾದವರ ಹತ್ತಿರ ಇರುವಂಥ ಮಾಮೂಲಿ ಡೈನಾಮಿಕ್ ಮೈಕ್‌ನಿಂದಲೇ ಶುರು ಮಾಡಿ. ನಾನೂ ಹಾಗೇ ಮಾಡಿದ್ದು. ಮೌತ್ ಆರ್ಗನನ್ನು ಮೈಕ್‌ನ ಜಾಲರಿಗೆ ಒತ್ತಿ, ಎರಡೂ ಅಂಗೈಯಿಂದ ಗಾಳಿ ಹೊರಗೆ ಹೋಗದ ಹಾಗೆ ಮುಚ್ಚಿ ಊದಿ ನೋಡಿ. ಹೆಬ್ಬೆರಳ ಬುಡದಲ್ಲಿ, ಕಿರುಬೆರಳ ಕಡೆ ಸಂದು ಉಳಿಯುತ್ತದೆ, ಅದನ್ನು ಮುಚ್ಚಿದ ಕ್ಷಣ ದನಿ ದಪ್ಪಗಾಗುವುದು ನಿಮಗೇ ಗೊತ್ತಾಗುತ್ತದೆ. ಆ ಒಂದು ಸಂದು ಮುಚ್ಚೋದರಿಂದ ಆಗುವ ವ್ಯತ್ಯಾಸವನ್ನು ಯಾವ ದುಬಾರಿ ಪೆಡಲೂ ಕೊಡಲ್ಲ.

ಕಾಲರ್ ಮೈಕ್, ಬಜರ್ ಒಳಗಿನ ಪೀಜೋ ಬಿಲ್ಲೆ ಇವೆರಡನ್ನೂ ನಾನು ಪ್ರಯತ್ನ ಮಾಡಿ ಬಿಟ್ಟಿದ್ದೇನೆ. ಕಾಲರ್ ಮೈಕ್ ಎಲ್ಲ ಕಡೆಯಿಂದಲೂ ಕೇಳಿಸಿಕೊಳ್ಳುತ್ತದೆ, ಬೇಗ ಕೂಗುತ್ತದೆ. ಪೀಜೋ ಬಿಲ್ಲೆ ಬೆರಳಿನ ಸದ್ದನ್ನೇ ಜಾಸ್ತಿ ಹಿಡಿಯುತ್ತದೆ.

ಸರ್ಕ್ಯೂಟ್

ಹೃದಯ ಎಲ್‌ಎಂ386 ಅನ್ನೋ ಎಂಟು ಕಾಲಿನ ಐಸಿ. ಬೆಂಗಳೂರಿನವರಾದರೆ ಎಸ್‌ಪಿ ರೋಡಿನ ಯಾವುದೇ ಸಣ್ಣ ಅಂಗಡಿಯಲ್ಲಿ ಕೇಳಿ, ಒಂದು ಕಾಫಿ ದುಡ್ಡಿಗೆ ಸಿಗುತ್ತದೆ. ಎರಡು ತಗೊಳ್ಳಿ, ಒಂದನ್ನು ಸುಡೋದು ಇದ್ದೇ ಇದೆ. ಜೊತೆಗೆ ಐಸಿ ಬೇಸ್, ಒಂದು ಜೀರೋ ಪಿಸಿಬಿ (ಬರೀ ತೂತುಗಳಿರುವ ಖಾಲಿ ಬೋರ್ಡ್) ತುಂಡು, ಪಿ-38 ಸಾಕೆಟ್ ಒಂದು. ಕಾಲಿಂಚಿನ ಮೋನೋ ಜ್ಯಾಕ್ ಅಂತ ಕೇಳಿದರೆ ಕೆಲವು ಅಂಗಡಿಯವರು ಮುಖ ನೋಡುತ್ತಾರೆ, ಪಿ-38 ಅಂದರೆ ತಕ್ಷಣ ಕೊಡುತ್ತಾರೆ.

386 ಒಂದನ್ನೇ ಇಟ್ಟುಕೊಂಡು ಮೈಕ್ ಸಿಕ್ಕಿಸಿದರೆ ಏನಾಗುತ್ತದೆ ಅಂತ ಮೊದಲು ನೋಡೋಣ. ಅದರ ಇನ್‌ಪುಟ್ ಇಂಪೀಡೆನ್ಸ್ (ಬರುವ ಸಿಗ್ನಲ್‌ಗೆ ಅದು ಒಡ್ಡುವ ತಡೆ) 50 ಕಿಲೋ ಓಮ್. ಡೈನಾಮಿಕ್ ಮೈಕ್‌ಗೆ ಇದು ಪರವಾಗಿಲ್ಲ. ಕ್ರಿಸ್ಟಲ್ ಅಥವಾ ಸೆರಾಮಿಕ್ ಎಲಿಮೆಂಟ್ ಒಂದು ಸಣ್ಣ ಕೆಪಾಸಿಟರ್ ಇದ್ದ ಹಾಗೆ, ಒಂದೆರಡು ನ್ಯಾನೋ ಫ್ಯಾರಡ್ ಅಂದುಕೊಳ್ಳಿ. ಅದನ್ನು 50 ಕಿಲೋ ಓಮ್‌ಗೆ ಸೇರಿಸಿದರೆ ಸುಮಾರು 2 ಕಿಲೋಹರ್ಟ್ಸ್‌ಗಿಂತ ಕೆಳಗಿನದ್ದೆಲ್ಲ ಸೊರಗಿ ಹೋಗುತ್ತದೆ. ಹತ್ತು ತೂತಿನ ಸಿ ಹಾರ್ಮೋನಿಕಾದ ಮೊದಲ ತೂತು ಊದಿದರೆ 262 ಹರ್ಟ್ಸ್, ಹತ್ತನೇ ತೂತು ಊದಿದರೆ 2093 ಹರ್ಟ್ಸ್. ಅಂದರೆ ಇಡೀ ವಾದ್ಯವೇ ಸೊರಗುವ ಜಾಗದಲ್ಲಿದೆ! ಅದಕ್ಕೇ ಕ್ರಿಸ್ಟಲ್ ಮೈಕ್‌ಗೆ 5 ಮೆಗಾ ಓಮ್ ಹತ್ತಿರದ ಇನ್‌ಪುಟ್ ಬೇಕು ಅನ್ನೋದು.

ಇದಕ್ಕೆ ಮದ್ದು, 386ಕ್ಕೆ ಮುಂಚೆ ಒಂದು ಜೆಫೆಟ್ ಹಾಕೋದು. ಇನ್‌ಪುಟ್ ತಡೆ ತುಂಬ ಜಾಸ್ತಿ ಇರುವ ಟ್ರಾನ್ಸಿಸ್ಟರ್ ಅದು; ಗೇಟ್, ಡ್ರೇನ್, ಸೋರ್ಸ್ ಅದರ ಕಾಲುಗಳು. 2ಎನ್5457 ಸಿಕ್ಕರೆ ಅದು, ಸಿಗದಿದ್ದರೆ ಬಿಎಫ್‌ಡಬ್ಲ್ಯು10. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಫೆಟ್ ಎಕ್ಸ್‌ಪೆರಿಮೆಂಟ್‌ಗೆ ಕೊಡುತ್ತಿದ್ದರಲ್ಲ, ಲೋಹದ ಟೋಪಿ, ನಾಲ್ಕು ಕಾಲು, ಅದೇ. ಯಾವ ಕಾಲು ಯಾವುದು ಅನ್ನೋದನ್ನು ಡೇಟಾ ಶೀಟ್ ನೋಡಿಯೇ ಹಾಕಿ, ನೆನಪಿನ ಮೇಲೆ ಹಾಕಬೇಡಿ. ನಾಲ್ಕನೇ ಕಾಲು ಟೋಪಿಯದ್ದು, ಅದು ಗ್ರೌಂಡ್‌ಗೆ, ಅಂದರೆ ಬ್ಯಾಟರಿಯ ಮೈನಸ್‌ಗೆ.

ಈಗ ಜೋಡಿಸೋಣ. ಪಿ-38 ಸಾಕೆಟ್‌ನ ತುದಿಯಿಂದ 10 ನ್ಯಾನೋ ಫ್ಯಾರಡ್ ಕೆಪಾಸಿಟರ್ (ಮೇಲೆ 103 ಅಂತ ಇರುತ್ತದೆ), ಅಲ್ಲಿಂದ 10ಕೆ (10 ಕಿಲೋ ಓಮ್) ರೆಸಿಸ್ಟರ್, ಅಲ್ಲಿಂದ ಜೆಫೆಟ್‌ನ ಗೇಟ್. ಗೇಟ್‌ನಿಂದ ಗ್ರೌಂಡ್‌ಗೆ 4.7 ಮೆಗಾ ಓಮ್, ಹಳದಿ ನೇರಳೆ ಹಸಿರು ಪಟ್ಟಿಯದ್ದು. ಅದೇ ಗೇಟ್‌ನಿಂದ ಗ್ರೌಂಡ್‌ಗೆ 100 ಪಿಕೋ ಫ್ಯಾರಡ್ ಕೂಡ ಹಾಕಿ. ಇದನ್ನು ನಾನು ಮೊದಲು ಹಾಕಿರಲಿಲ್ಲ, ಊದೋದು ನಿಲ್ಲಿಸಿದಾಗಲೆಲ್ಲ ಸ್ಪೀಕರ್‌ನಲ್ಲಿ ಸಣ್ಣಗೆ ಯಾರೋ ಮಾತಾಡೋದು ಕೇಳಿಸುತ್ತಿತ್ತು. ಮೀಡಿಯಂ ವೇವ್ ರೇಡಿಯೋ! ಉದ್ದ ಮೈಕ್ ವೈರೇ ಏರಿಯಲ್ ಆಗಿತ್ತು. ಆ ಪುಟ್ಟ ಕೆಪಾಸಿಟರ್ ಹಾಕಿದ ಮೇಲೆ ಮಾತು ನಿಂತಿತು.

ಜೆಫೆಟ್‌ನ ಡ್ರೇನ್ ನೇರ 9 ವೋಲ್ಟ್‌ಗೆ. ಸೋರ್ಸ್‌ನಿಂದ ಗ್ರೌಂಡ್‌ಗೆ 3.9ಕೆ. ಸೋರ್ಸ್‌ನಿಂದ ಒಂದು ಕೆಪಾಸಿಟರ್ ಮೂಲಕ 10ಕೆ ಲಾಗ್ ಪಾಟ್‌ನ (ವಾಲ್ಯೂಮ್ ಗುಂಡಿ) ಒಂದು ಕಿವಿಗೆ, ಪಾಟ್‌ನ ಇನ್ನೊಂದು ಕಿವಿ ಗ್ರೌಂಡ್‌ಗೆ.

ಈ ಕೆಪಾಸಿಟರ್ ಹತ್ತಿರ ಸ್ವಲ್ಪ ನಿಲ್ಲೋಣ, ಯಾಕಂದರೆ ಲ್ಯಾಂಡ್‌ಲೈನ್ ಫೋನಿನ ಪೀಪಿ ದನಿಗೆ ಕಾರಣ ಇದೇ ಆಗಿತ್ತು. ಗಿಟಾರ್ ಸರ್ಕ್ಯೂಟ್‌ಗಳಲ್ಲಿ ಇಲ್ಲಿ 47 ನ್ಯಾನೋ ಫ್ಯಾರಡ್ ಇರುವುದು ಸಾಮಾನ್ಯ. 47 ನ್ಯಾನೋ ಮತ್ತು 10ಕೆ ಸೇರಿದರೆ ಸುಮಾರು 339 ಹರ್ಟ್ಸ್‌ನಿಂದ ಕೆಳಗೆ ದನಿ ಇಳಿಯುತ್ತಾ ಹೋಗುತ್ತದೆ. ಗಿಟಾರ್‌ನವರಿಗೆ ಅದು ಅನುಕೂಲ, ಪುಟ್ಟ ಸ್ಪೀಕರ್ ಗುಯ್‌ಗುಡೋದು ತಪ್ಪುತ್ತದೆ. ನಮಗೆ? ಜಿ ಹಾರ್ಮೋನಿಕಾದ ಮೊದಲ ತೂತು 196 ಹರ್ಟ್ಸ್, ಅದರ ಸಿಗ್ನಲ್ ಅಲ್ಲೇ ಅರ್ಧಕ್ಕೆ ಬಂದು ನಿಲ್ಲುತ್ತದೆ. ಇಲ್ಲಿ 0.22 ಮೈಕ್ರೋ ಫ್ಯಾರಡ್ ಹಾಕಿ, 224 ಅಂತ ಬರೆದಿರುತ್ತದೆ. ಆಗ ಕಡಿತ 72 ಹರ್ಟ್ಸ್ ಹತ್ತಿರಕ್ಕೆ ಇಳಿಯುತ್ತದೆ, ನಮ್ಮ ಯಾವ ಸ್ವರಕ್ಕೂ ತೊಂದರೆ ಇಲ್ಲ. ನಾನು ಹಳೇದನ್ನು ಕಿತ್ತು ಇದನ್ನು ಬೆಸೆದಾಗ ಅದೇ ಮೈಕ್, ಅದೇ ಸ್ಪೀಕರ್, ಆದರೆ ಬೇರೆ ಯಾರೋ ಊದುತ್ತಿದ್ದಾರೆ ಅನ್ನಿಸಿತು.

ಪಾಟ್‌ನ ನಡುವಿನ ಕಿವಿಯಿಂದ ಇನ್ನೊಂದು 10ಕೆ ಮೂಲಕ 386ರ 3ನೇ ಕಾಲಿಗೆ ಹೋಗಿ. 3ನೇ ಕಾಲಿನಿಂದ ಗ್ರೌಂಡ್‌ಗೆ 4.7 ನ್ಯಾನೋ (472). ಇದು 3400 ಹರ್ಟ್ಸ್ ಆಸುಪಾಸಿನಿಂದ ಮೇಲಿನ ಟ್ರೆಬಲ್ ಕತ್ತರಿಸುತ್ತದೆ, ಎತ್ತರದ ಕೂಗು ಇದರಿಂದ ಕಡಿಮೆಯಾಗುತ್ತದೆ. ಸ್ವಚ್ಛ ದನಿ ಬೇಕಾದವರು ಇದಕ್ಕೊಂದು ಸಣ್ಣ ಸ್ವಿಚ್ ಹಾಕಿಕೊಳ್ಳಿ, ಬೇಕಾದಾಗ ಕಳಚಬಹುದು. 2 ಮತ್ತು 4ನೇ ಕಾಲು ಗ್ರೌಂಡ್. 6ನೇ ಕಾಲು 9 ವೋಲ್ಟ್, ಅದರ ಪಕ್ಕದಲ್ಲೇ, ಎಷ್ಟು ಹತ್ತಿರ ಆಗುತ್ತೋ ಅಷ್ಟು ಹತ್ತಿರ, 100 ಮೈಕ್ರೋ ಮತ್ತು 0.1 ಮೈಕ್ರೋ (104) ಗ್ರೌಂಡ್‌ಗೆ. 5ನೇ ಕಾಲಿನಿಂದ 220 ಮೈಕ್ರೋ ಮೂಲಕ ಸ್ಪೀಕರ್, ಕೆಪಾಸಿಟರ್‌ನ ಪ್ಲಸ್ ಐಸಿ ಕಡೆ. ಮತ್ತೆ 5ನೇ ಕಾಲಿನಿಂದಲೇ 47 ನ್ಯಾನೋ (473), ಅದರ ಬೆನ್ನಿಗೆ 10 ಓಮ್, ಅದು ಗ್ರೌಂಡ್‌ಗೆ. ಈ ಕೊನೆಯ ಜೋಡಿ ಯಾಕೆ ಅಂತ ಬಿಡಬೇಡಿ. ಇದಿಲ್ಲದಿದ್ದರೆ ಐಸಿ ಕಿವಿಗೆ ಕೇಳಿಸದ ಎತ್ತರದಲ್ಲಿ ತಾನೇ ಕೂಗಿಕೊಂಡು ಬಿಸಿಯಾಗಬಹುದು.

1 ಮತ್ತು 8ನೇ ಕಾಲು ಗೇನ್‌ಗೆ. ಎರಡನ್ನೂ ಖಾಲಿ ಬಿಟ್ಟರೆ ಗೇನ್ 20. ನಡುವೆ 10 ಮೈಕ್ರೋ ಕೆಪಾಸಿಟರ್ ಹಾಕಿದರೆ 200. ಗಿಟಾರ್ ಸರ್ಕ್ಯೂಟ್ ನೋಡಿ ನಾನು ಹಾಕಿದ್ದು ಅದನ್ನೇ, ಕೂಗದೆ ಇನ್ನೇನು ಮಾಡುತ್ತದೆ. ಬುಲೆಟ್ ಮೈಕ್‌ಗೆ 20 ಸಾಕು. ಡೈನಾಮಿಕ್ ಮೈಕ್‌ನ ಸಿಗ್ನಲ್ ಸಣ್ಣದು, ಅದಕ್ಕೆ 10 ಮೈಕ್ರೋ ಜೊತೆ ಸಾಲಾಗಿ 1.2ಕೆ ರೆಸಿಸ್ಟರ್ ಹಾಕಿ, ಗೇನ್ 50 ಆಗುತ್ತದೆ. ಅಷ್ಟಕ್ಕೆ ನಿಲ್ಲಿಸಿ. ಇನ್ನೂ ಸಾಲದು ಅನ್ನಿಸಿದರೆ ಮೈಕ್ ವೈರಿನಲ್ಲಿ ಒಂದು ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರ್ ಹಾಕೋದು ಗೇನ್ ಏರಿಸೋದಕ್ಕಿಂತ ಒಳ್ಳೇದು, ಕಡಿಮೆ ಇಂಪೀಡೆನ್ಸ್ ಮೈಕನ್ನು ಅದು ಹೈ ಇಂಪೀಡೆನ್ಸ್‌ಗೆ ಏರಿಸಿ ಕೊಡುತ್ತದೆ.

ಬೆಸುಗೆ ಮುಗಿದ ಮೇಲೆ ಐಸಿ ಹಾಕುವ ಮುಂಚೆ ಮೀಟರ್ ಹಿಡಿಯಿರಿ. ಬೇಸ್‌ನ 6ನೇ ತೂತಿನಲ್ಲಿ 9 ವೋಲ್ಟ್ ಬರಬೇಕು. ಸ್ವಿಚ್ ಆರಿಸಿ ಐಸಿ ಕೂರಿಸಿ ಮತ್ತೆ ನೋಡಿ: 5ನೇ ಕಾಲಿನಲ್ಲಿ ಸುಮಾರು ಅರ್ಧ, 4.5 ವೋಲ್ಟ್ ಇರಬೇಕು. ಜೆಫೆಟ್‌ನ ಸೋರ್ಸ್‌ನಲ್ಲಿ ಬಿಎಫ್‌ಡಬ್ಲ್ಯು10 ಆದರೆ 2ರಿಂದ 5 ವೋಲ್ಟ್ ಒಳಗೆ ಏನಾದರೂ ಸರಿ. ಸೊನ್ನೆ ಅಥವಾ 9 ತೋರಿಸಿದರೆ ಕಾಲು ಅದಲು ಬದಲಾಗಿದೆ ಅಂತಲೇ ಲೆಕ್ಕ.

ಈ ಬೋರ್ಡನ್ನು ಲೋಹದ ಡಬ್ಬಿ ಒಳಗೆ ಇಡಿ. 4.7 ಮೆಗಾ ಓಮ್ ಇನ್‌ಪುಟ್ ಅಂದರೆ ಹತ್ತಿರದ ಟ್ಯೂಬ್‌ಲೈಟ್, ಫೋನ್, ಎಲ್ಲದರ ಗಲಾಟೆಯೂ ಒಳಗೆ ಬರುತ್ತದೆ. ನಾನು ಬಳಸಿದ್ದು ಮಕ್ಕಳು ಸ್ಕೂಲಿಗೆ ಒಯ್ಯುವ ಸಣ್ಣ ಸ್ಟೀಲ್ ಡಬ್ಬಿ, ಒಳಗೆ ತಳಕ್ಕೆ ದಪ್ಪ ರಟ್ಟು. ಡಬ್ಬಿಯ ಮೈಯನ್ನು ಗ್ರೌಂಡ್‌ಗೆ ಸೇರಿಸಲೇಬೇಕು. ಸ್ಟೀಲ್ ಕೊರೆಯೋದು ಮಾತ್ರ ಪ್ರಾಣ ಹೋಗುತ್ತದೆ, ಅಲ್ಯೂಮಿನಿಯಂ ಡಬ್ಬಿ ಸಿಕ್ಕರೆ ಅದೇ ವಾಸಿ.

ಸ್ಪೀಕರ್ ಮತ್ತು ಪೆಟ್ಟಿಗೆ

386ರಿಂದ 9 ವೋಲ್ಟ್, 8 ಓಮ್‌ಗೆ ಅರ್ಧ ವ್ಯಾಟ್ ಚಿಲ್ಲರೆ ಬರುತ್ತದೆ. ಅಯ್ಯೋ ಇಷ್ಟೇನಾ ಅನ್ನಬೇಡಿ. ಸ್ಪೀಕರ್‌ನ ಸೆನ್ಸಿಟಿವಿಟಿ ನೋಡಿ, ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಅನ್ನೋದು. 82 ಡೆಸಿಬಲ್‌ನ ಮೂರು ಇಂಚಿನ ಸ್ಪೀಕರ್ ತೆಗೆದು 92 ಡೆಸಿಬಲ್‌ನ ಆರು ಇಂಚಿನದ್ದು ಹಾಕಿದರೆ, ಆಂಪ್ ಹತ್ತು ಪಟ್ಟು ದೊಡ್ಡದು ಮಾಡಿದ್ದಕ್ಕೆ ಸಮ. ಬ್ಯಾಟರಿ ಒಂದು ಹನಿಯೂ ಜಾಸ್ತಿ ಖರ್ಚಾಗಲ್ಲ.

ಪೇಪರ್ ಕೋನ್ ಇರುವ ಐದು ಅಥವಾ ಆರು ಇಂಚಿನ 8 ಓಮ್ ಸ್ಪೀಕರ್ ತಗೊಳ್ಳಿ. ವೂಫರ್ ಬೇಡ, ನಮ್ಮ ವಾದ್ಯದಲ್ಲಿ ಅಷ್ಟು ತಗ್ಗಿನ ಸ್ವರವೇ ಇಲ್ಲ. ಟ್ವೀಟರ್ ಇದ್ದರೆ ಅದರ ವೈರ್ ಕಿತ್ತುಹಾಕಿ. ಹಳೇ ರೇಡಿಯೋದ ಸ್ಪೀಕರ್ ಸಿಕ್ಕರೆ ಅದರಷ್ಟು ಸಿಹಿ ಇನ್ನೊಂದಿಲ್ಲ, ಕೋನ್ ಹರಿದಿಲ್ಲ ಅಂತ ನೋಡಿಕೊಳ್ಳಿ ಅಷ್ಟೇ. ವಾಲ್ವ್ ರೇಡಿಯೋ ಆದರೆ ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಕೂತಿರುತ್ತದೆ, ಗೊತ್ತಿರುವವರ ಕೈಲೇ ತೆಗೆಸಿ.

ಪೆಟ್ಟಿಗೆಗೆ 9 ಮಿಲಿಮೀಟರ್ ಪ್ಲೈವುಡ್, ಅಗಲ ಎತ್ತರ 22 ಸೆಂಟಿಮೀಟರ್, ಆಳ 14. ಹಿಂಭಾಗ ಪೂರ್ತಿ ಮುಚ್ಚಬೇಡಿ, ಅರ್ಧ ತೆರೆದಿರಲಿ, ದನಿಗೆ ಉಸಿರಾಡಲು ಜಾಗ ಬೇಕು. ಮೂಲೆಗೆ ಫೆವಿಕಾಲ್ ಮತ್ತು ಸ್ಕ್ರೂ ಎರಡೂ. ಮೇಲೆ ಬ್ಯಾಗಿನ ಹಿಡಿ. ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಕಟ್ಟಿದ ಆಂಪ್ ನೋಡೋಕೆ ಚೆಂದ, ಫೋಟೋಗೆ ಇನ್ನೂ ಚೆಂದ, ಆದರೆ ಒಂದೊಂದು ಸ್ವರಕ್ಕೆ ತಗಡೇ ಜೊತೆಗೂಡಿ ಗಣಗಣ ಅನ್ನುತ್ತದೆ.

ಬ್ಯಾಟರಿ

ಚೌಕದ 9 ವೋಲ್ಟ್ ಬ್ಯಾಟರಿಯಲ್ಲಿ ಶಕ್ತಿ ಕಡಿಮೆ. ಆರು ಪೆನ್ ಸೆಲ್ ಹಾಕುವ ಹೋಲ್ಡರ್ ತಗೊಳ್ಳಿ, ಅಲ್ಕಲೈನ್ ಹಾಕಿದರೆ ಅದರ ನಾಲ್ಕು ಪಟ್ಟು ಬಾಳುತ್ತದೆ. ರೀಚಾರ್ಜ್ ಸೆಲ್ ಆದರೆ ಒಂದೊಂದು 1.2 ವೋಲ್ಟ್, ಎಂಟು ಹಾಕಿ 9.6 ಮಾಡಿಕೊಳ್ಳಿ. ಪ್ಲಸ್ ವೈರಿನಲ್ಲಿ 1ಎನ್5817 ಡಯೋಡ್ ಒಂದು ಇರಲಿ, ಕತ್ತಲಲ್ಲಿ ಸೆಲ್ ಉಲ್ಟಾ ಹಾಕಿದರೂ ಐಸಿ ಬದುಕುತ್ತದೆ.

ಪವರ್ ಬ್ಯಾಂಕ್ ಯಾಕಾಗಬಾರದು ಅಂತ ಎಲ್ಲರೂ ಕೇಳುತ್ತಾರೆ. ನಾನೂ ಹಾಕಿ ನೋಡಿದೆ. ಸುಮ್ಮನೆ ಕೂತಾಗ 386 ಎಳೆಯೋದು 4 ಮಿಲಿ ಆಂಪಿಯರ್ ಮಾತ್ರ. ಫೋನ್ ಚಾರ್ಜ್ ಮುಗಿಯಿತು ಅಂದುಕೊಂಡು ಪವರ್ ಬ್ಯಾಂಕ್ ತಾನೇ ಆರಿಹೋಗುತ್ತದೆ. ಹಾಡಿನ ನಡುವೆ ಉಸಿರು ತಗೊಳ್ಳೋಕೆ ನಿಂತೆ, ಅಷ್ಟರಲ್ಲಿ ಆಂಪ್ ಮಲಗಿತ್ತು. ಅದೂ ಅಲ್ಲದೆ 5 ವೋಲ್ಟ್‌ನಲ್ಲಿ ಕಾಲು ವ್ಯಾಟ್ ಬಂದರೆ ಹೆಚ್ಚು.

ಬ್ಯಾಟರಿ ಆಂಪ್‌ಗೆ ಇನ್ನೊಂದು ಲಾಭ ಇದೆ. ನಾವು ತುಟಿ ಒದ್ದೆ ಮಾಡಿಕೊಂಡು ಲೋಹದ ವಾದ್ಯ ಕಚ್ಚಿ, ಅದನ್ನು ಲೋಹದ ಮೈಕ್‌ಗೆ ಒತ್ತಿ ಹಿಡಿಯುತ್ತೇವೆ. ಆ ಮೈಕ್‌ನ ಗ್ರೌಂಡ್ ಅರ್ಥಿಂಗ್ ಇಲ್ಲದ ಕರೆಂಟ್ ಆಂಪ್‌ಗೆ ಸೇರಿದ್ದರೆ ಶಾಕ್ ನೇರ ಬಾಯಿಗೆ. ಒಂದು ಮದುವೆ ಮನೆಯಲ್ಲಿ ಎರಡು ಪಿನ್ನಿನ ಎಕ್ಸ್‌ಟೆನ್ಶನ್‌ನಿಂದ ನನ್ನ ತುಟಿ ಜುಮ್ ಅಂದದ್ದು ಇನ್ನೂ ನೆನಪಿದೆ. ಆಮೇಲೆ ನಾನು ಬೇರೆಯವರ ಕರೆಂಟ್ ಆಂಪ್ ಮುಟ್ಟುವ ಮುಂಚೆ ಮೂರನೇ ಪಿನ್ ನೋಡುತ್ತೇನೆ.

ಕೂಗು ನಿಲ್ಲಿಸೋದು

ಸರ್ಕ್ಯೂಟ್ ಸರಿ ಇದ್ದರೂ ಜಾಗ ಬದಲಾದರೆ ಕೂಗು ಬರುತ್ತದೆ. ಆಂಪ್ ನಿಮ್ಮ ಎದುರಿಗೆ ಮೈಕ್ ನೋಡುವ ಹಾಗೆ ಇರಬಾರದು. ಪಕ್ಕಕ್ಕೆ, ಸ್ವಲ್ಪ ಮುಂದೆ, ಕೇಳುವವರ ಕಡೆ ಮುಖ ಮಾಡಿ ಇಡಿ. ಬೆನ್ನ ಹಿಂದೆ ಗೋಡೆ ಇದ್ದರೆ ಎರಡು ಹೆಜ್ಜೆ ಸರಿಯಿರಿ. ವಾಲ್ಯೂಮ್ ನಿಧಾನ ಏರಿಸಿ, ಕೂಗು ಶುರುವಾಗುವ ಜಾಗ ಗುರುತು ಮಾಡಿಕೊಂಡು ಅಲ್ಲಿಂದ ಸ್ವಲ್ಪ ಕೆಳಗೆ ನಿಲ್ಲಿ.

ಸ್ಪೀಕರ್‌ನ ಎರಡು ವೈರ್ ಅದಲು ಬದಲು ಮಾಡಿ ನೋಡಿ. ಒಮ್ಮೊಮ್ಮೆ ಇದರಿಂದಲೇ ಇನ್ನಷ್ಟು ಏರಿಸಲು ಜಾಗ ಸಿಗುತ್ತದೆ. ಬಿಟ್ಟಿ ಉಪಾಯ, ನಷ್ಟ ಏನೂ ಇಲ್ಲ.

ಹಾಡು ಮುಗಿದು ಮೌತ್ ಆರ್ಗನ್ ತೆಗೆದಾಗ ಕೈ ಮಾತ್ರ ಮೈಕ್ ಮುಚ್ಚಿಕೊಂಡಿದ್ದರೆ ಕೂಗುವುದು ಖಂಡಿತ. ಖಾಲಿ ಅಂಗೈಯ ಗೂಡೇ ಅದಕ್ಕೆ ಸಾಕು. ಮೈಕ್‌ನಲ್ಲಿ ವಾಲ್ಯೂಮ್ ಇದ್ದರೆ ಕಿರುಬೆರಳಲ್ಲಿ ಸೊನ್ನೆಗೆ ತನ್ನಿ. ಇಲ್ಲದಿದ್ದರೆ ಮೈಕ್ ಮತ್ತು ವೈರ್ ನಡುವೆ ಪುಟ್ಟ ಡಬ್ಬಿಯಲ್ಲಿ ಒಂದು ಪಾಟ್ ಹಾಕಿ, ಕ್ರಿಸ್ಟಲ್ ಮೈಕ್ ಆದರೆ 1 ಮೆಗಾ ಓಮ್‌ಗಿಂತ ಕಡಿಮೆ ಬೇಡ.

ಬೀದಿಗೆ ಇದು ಸಾಲದು ಅಂದರೆ

ಸಾಲದು, ನಿಜ. ರೂಮಿನಲ್ಲಿ ಒಂದು ಗಿಟಾರ್ ಜೊತೆಗೆ ಈ ಆಂಪ್ ಸಾಕು. ಪಕ್ಕದಲ್ಲಿ ಯಾರಾದರೂ ಢೋಲಕ್ ಹಿಡಿದರೆ ಮುಗಿಯಿತು. ಆಗ ಜೆಫೆಟ್, ಪಾಟ್, ಟ್ರೆಬಲ್ ಕಡಿತದ ಭಾಗ ಹಾಗೇ ಇಟ್ಟುಕೊಂಡು 386 ಜಾಗಕ್ಕೆ ಟಿಡಿಎ2003 ಬೋರ್ಡ್ ಹಾಕಿ. ಹಳೇ ಕಾರ್ ಸ್ಟೀರಿಯೋ ಐಸಿ ಇದು, ಕಟ್ಟಿದ ಬೋರ್ಡೇ ಸಿಗುತ್ತದೆ. 12 ವೋಲ್ಟ್, 4 ಓಮ್ ಸ್ಪೀಕರ್‌ಗೆ ಮೂರು ನಾಲ್ಕು ವ್ಯಾಟ್. ಹಿಂದೆ ಅಲ್ಯೂಮಿನಿಯಂ ಹೀಟ್ ಸಿಂಕ್ ಮರೆಯಬೇಡಿ. ಇದರ ಗೇನ್ ಮಾಮೂಲಿಯಾಗಿ 100, ಹಾಗಾಗಿ ಪಾಟ್ ಕೆಳಗೇ ಇರುತ್ತದೆ.

ಬ್ಯಾಟರಿಗೆ ಮೂರು 18650 ಲಿಥಿಯಂ ಸೆಲ್ ಸಾಲಾಗಿ, ಬಿಎಂಎಸ್ (ಸೆಲ್‌ಗಳನ್ನು ಕಾಯುವ ಬೋರ್ಡ್) ಸಮೇತ, ಜೊತೆಗೆ 2 ಆಂಪಿಯರ್ ಫ್ಯೂಸ್. ಪೂರ್ತಿ ಚಾರ್ಜ್ ಆದಾಗ 12.6 ವೋಲ್ಟ್ ಇರುತ್ತದೆ. ಇದನ್ನು ತಪ್ಪಿಯೂ 386 ಆಂಪ್‌ಗೆ ಸಿಕ್ಕಿಸಬೇಡಿ, ಸಾಮಾನ್ಯವಾಗಿ ಸಿಗುವ 386ಕ್ಕೆ 12 ವೋಲ್ಟೇ ಮಿತಿ. ಬಿಎಂಎಸ್ ಇಲ್ಲದೆ, ಫ್ಯೂಸ್ ಇಲ್ಲದೆ ಲಿಥಿಯಂ ಸೆಲ್ ಚೀಲದಲ್ಲಿ ಹೊರಬೇಡಿ. ಈ ಒಂದು ಮಾತಿನಲ್ಲಿ ನನ್ನ ಹತ್ತಿರ ಚೌಕಾಸಿ ಇಲ್ಲ.

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ, 2000ದ ಶಬ್ದ ಮಾಲಿನ್ಯ ನಿಯಮದಲ್ಲೇ ಇದೆ. ಹಗಲಲ್ಲೂ ಪಾರ್ಕ್, ದೇವಸ್ಥಾನದ ಅಂಗಳ ಅಂತಾದರೆ ಅಲ್ಲಿನವರನ್ನು ಒಂದು ಮಾತು ಕೇಳಿ ಆಂಪ್ ತೆಗೆಯಿರಿ.

ಕಟ್ಟುವ ತಾಳ್ಮೆ ಇಲ್ಲದವರಿಗೆ ಅಂಗಡಿಯಲ್ಲೂ ದಾರಿ ಇದೆ. ಪಿಗ್‌ನೋಸ್ 7-100 ಹಳೇ ಹೆಸರು, ಆರು ಪೆನ್ ಸೆಲ್, ಐದು ಇಂಚಿನ ಸ್ಪೀಕರ್, 5 ವ್ಯಾಟ್, ಹಂದಿ ಮೂತಿಯ ಹಾಗೆ ಒಂದೇ ಗುಂಡಿ. ರೋಲ್ಯಾಂಡ್ ಮೈಕ್ರೋ ಕ್ಯೂಬ್ ಕೂಡ ಆರು ಪೆನ್ ಸೆಲ್‌ನದ್ದೇ, ಅದರಲ್ಲಿ ಡಿಲೇ, ರಿವರ್ಬ್ ಒಳಗೇ ಇವೆ. ಯಾವುದು ತಗೊಂಡರೂ ಗೇನ್ ಕೆಳಗೆ, ಟ್ರೆಬಲ್ ಕೆಳಗೆ ಇಟ್ಟು ಶುರು ಮಾಡಿ. ವಾಲ್ವ್ ಆಂಪ್ ಇರುವ ಪುಣ್ಯವಂತರಿಗೆ ಒಂದು ಹಳೇ ಉಪಾಯ: ಮೊದಲ 12ಎಎಕ್ಸ್7 ವಾಲ್ವ್ ತೆಗೆದು 12ಎವೈ7 ಹಾಕಿ. ಆಂಪ್ಲಿಫಿಕೇಶನ್ ಫ್ಯಾಕ್ಟರ್ 100 ಇದ್ದದ್ದು 45 ಹತ್ತಿರಕ್ಕೆ ಇಳಿಯುತ್ತದೆ, ಕೂಗೂ ಇಳಿಯುತ್ತದೆ.

ಕೊನೆಗೆ ಎಕೋ. ಬ್ಲೂಸ್‌ಗೂ ಬೇಕು, ಸಿನಿಮಾ ಹಾಡಿಗೂ ಬೇಕು. ಕರಾವೊಕೆ ಎಕೋ ಬೋರ್ಡ್ ಅಂತ ಸಿಗುತ್ತದಲ್ಲ, ಅದರ ಒಳಗಿರೋದು ಸಾಮಾನ್ಯವಾಗಿ ಪಿಟಿ2399 ಐಸಿ. ಅದು 5 ವೋಲ್ಟ್‌ನದ್ದು, 7805 ರೆಗ್ಯುಲೇಟರ್ ಐಸಿ ಒಂದು ಹಾಕಿ 9 ಅಥವಾ 12ರಿಂದ ಇಳಿಸಿಕೊಳ್ಳಿ. ಐಸಿಯ 6ನೇ ಕಾಲಿನಿಂದ ಗ್ರೌಂಡ್‌ಗೆ ಇರುವ ರೆಸಿಸ್ಟರ್ ಡಿಲೇ ಎಷ್ಟು ಅಂತ ನಿರ್ಧರಿಸುತ್ತದೆ, 10ಕೆ ಹತ್ತಿರ ಇದ್ದರೆ ಸುಮಾರು 150 ಮಿಲಿಸೆಕೆಂಡ್. ಅಷ್ಟೇ ಬೇಕು ನಮಗೆ, ಒಂದೇ ಒಂದು ಸಲ ವಾಪಸ್ ಬಂದು ಬಡಿಯುವ ಎಕೋ. ಗಣೇಶನ ಪೆಂಡಾಲ್ ಅನೌನ್ಸ್‌ಮೆಂಟ್ ಹಾಗೆ ಐದಾರು ಸಲ ಕೇಳಿಸಿದರೆ ರಿಪೀಟ್ ಗುಂಡಿ ಇಳಿಸಿ, ಎಕೋ ಜಾಸ್ತಿಯಾದಷ್ಟೂ ಕೂಗೂ ಬೇಗ ಬರುತ್ತದೆ. ಬೋರ್ಡನ್ನು ಜೆಫೆಟ್ ಆದಮೇಲೆ, ಪಾಟ್‌ಗೆ ಮುಂಚೆ ಸೇರಿಸಿ.

ನನ್ನ ಚೀಲದಲ್ಲಿ ಈಗ ಆಂಪ್, ಮೈಕ್, ಮೂರು ಮೀಟರ್ ವೈರ್, ಆರು ಸ್ಪೇರ್ ಸೆಲ್, ಒಂದು ಸಣ್ಣ ಸ್ಕ್ರೂಡ್ರೈವರ್, ಒಂದು ಹಳೇ ಬನಿಯನ್ ತುಂಡು ಇರುತ್ತವೆ. ಬನಿಯನ್ ತುಂಡು ಮೈಕ್‌ಗೆ. ಒಂದು ಗಂಟೆ ಊದಿದರೆ ಜಾಲರಿ ಒಳಗೆ ಎಂಜಲಿನ ತೇವ ಕೂತಿರುತ್ತದೆ. ಒರೆಸಿ, ಮನೆಗೆ ಬಂದಮೇಲೆ ರಾತ್ರಿ ಪೂರ್ತಿ ಫ್ಯಾನಿನ ಕೆಳಗೆ ತೆರೆದಿಟ್ಟು, ಬೆಳಗ್ಗೆ ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಗೆ ಹಾಕುತ್ತೇನೆ.